ಅಂಕಿಯ ಬೆಳಕು, ಬಾಳುವ ಬೆಳಕು: ಎಲ್‌ಇಡಿ ಟಾರ್ಚ್ ಆಯ್ಕೆಯ ಕ್ರಮವನ್ನು ಕುರಿತು

ಬಲ್ಬಿನ ಟಾರ್ಚಿನಿಂದ ಎಲ್‌ಇಡಿ ಟಾರ್ಚಿಗೆ ನಡೆದ ಬದಲಾವಣೆ ಕರ್ನಾಟಕದ ಹಳ್ಳಿ ಪಟ್ಟಣಗಳೆರಡರಲ್ಲೂ ಬಹುಮಟ್ಟಿಗೆ ಮುಗಿದಿದೆ. ಈಗ ಅಂಗಡಿಗೆ ಹೋಗುವವರಲ್ಲಿ ಅನೇಕರು ಈಗಾಗಲೇ ಒಂದು ಎಲ್‌ಇಡಿ ಟಾರ್ಚನ್ನು ಬಳಸಿ, ಅದರ ಬೆಳಕು ಸಾಲದೆಂದೋ ಅದು ಬೇಗ ಕೆಟ್ಟಿತೆಂದೋ ಇನ್ನೊಂದನ್ನು ಹುಡುಕುವವರು. ಈ ಎರಡನೆಯ ಖರೀದಿಯಲ್ಲಿ ಅವರ ಕೈಗೆ ಸಿಗುವ ಅಳತೆಗೋಲು ಸಾಮಾನ್ಯವಾಗಿ ಒಂದೇ: ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಲೂಮೆನ್ ಸಂಖ್ಯೆ, ಇಲ್ಲವೇ ಬೆಳಕು ಇಷ್ಟು ಮೀಟರ್ ದೂರ ಹೋಗುತ್ತದೆ ಎಂಬ ಹೇಳಿಕೆ. ಆ ಅಂಕಿ ಸುಳ್ಳಾಗಿರಬಹುದು ಎಂಬುದು ಸಮಸ್ಯೆಯ ಅರ್ಧ ಮಾತ್ರ. ಅದು ನಿಜವಾಗಿದ್ದಾಗಲೂ ಟಾರ್ಚ್ ಹೊತ್ತಿದ ಮೊದಲ ಒಂದೆರಡು ನಿಮಿಷಗಳ ವಿಷಯವನ್ನಷ್ಟೇ ಹೇಳುತ್ತದೆ, ಕತ್ತಲಲ್ಲಿ ಕೆಲಸ ಮಾಡುವವರಿಗೆ ಬೇಕಾದ ಒಂದು ಗಂಟೆಯ ಬಗೆಗಾಗಲಿ ಒಂದು ಮಳೆಗಾಲದ ಬಗೆಗಾಗಲಿ ಏನನ್ನೂ ಹೇಳುವುದಿಲ್ಲ ಎಂಬುದು ಇನ್ನರ್ಧ. ಪ್ರಖರತೆಯನ್ನು ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಿಂದ ಬೇರ್ಪಡಿಸಿ ಅಳೆಯುವ ಈ ರೂಢಿಯೇ ಇಲ್ಲಿ ಪರಿಶೀಲನೆಗೆ ಅರ್ಹವಾದ ವಿಷಯ.

ಇದು ಹವ್ಯಾಸಿಗಳಿಗಷ್ಟೇ ಸೀಮಿತವಾದ ಚರ್ಚೆಯಲ್ಲ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ರೈತರು ಸರಿಹೊತ್ತಿನಲ್ಲಿ ಬದುವಿನ ಮೇಲೆ ನಡೆದುಹೋಗಿ ನೀರು ತಿರುಗಿಸಬೇಕಾಗುತ್ತದೆ, ಮತ್ತು ಅದೇ ಹೊತ್ತು ಕೊಳಕುಮಂಡಲದಂತಹ ಹಾವುಗಳು ಇಲಿಗಳನ್ನು ಅರಸಿ ಹೊರಬರುವ ಹೊತ್ತೂ ಆಗಿರುತ್ತದೆ. ಭಾರತದಲ್ಲಿ 2000ದಿಂದ 2019ರವರೆಗಿನ ಅವಧಿಯಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚ್ ಹಿಡಿದಿರಬೇಕೆಂಬುದು ಈ ಸಾವುಗಳನ್ನು ತಪ್ಪಿಸಲು ವೈದ್ಯರು ಕೊಡುವ ಮೊದಲ ಸಲಹೆಗಳಲ್ಲಿ ಒಂದು. ಹಾಗಿರುವಾಗ ಟಾರ್ಚಿನ ಗುಣದೋಷವನ್ನು ಡಬ್ಬಿಯ ಅಂಕಿಗೆ ಒಪ್ಪಿಸಿಬಿಡುವುದು ಸರಿಯಲ್ಲ.

ಎಲ್‌ಇಡಿ ಎಂಬುದು ತಂತಿಯನ್ನು ಕೆಂಪಗೆ ಕಾಯಿಸದೆಯೇ, ವಿದ್ಯುತ್ತು ಹರಿದಾಗ ನೇರವಾಗಿ ಬೆಳಕನ್ನು ಸೂಸುವ ಅರೆವಾಹಕದ ಸಣ್ಣ ತುಣುಕು. ಟಾರ್ಚಿನಲ್ಲಿ ಕಾಣುವ ಬಿಳಿ ಬೆಳಕು ಮೂಲದಲ್ಲಿ ನೀಲಿಯದು. ಅದರ ಒಂದು ಪಾಲನ್ನು ಫಾಸ್ಫರ್ ಎಂಬ ಹಳದಿ ಲೇಪನವು ಹೀರಿ ಬೇರೆ ಬಣ್ಣಗಳಾಗಿ ಹೊರಬಿಡುವುದರಿಂದ ಒಟ್ಟಾರೆ ಬೆಳಕು ಬಿಳಿಯಾಗಿ ತೋರುತ್ತದೆ. ಇದನ್ನು ಸಾಧ್ಯವಾಗಿಸಿದ ನೀಲಿ ಎಲ್‌ಇಡಿಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಎರಡು ದೊಡ್ಡ ಸೆಲ್ಲುಗಳ ಹಳೆಯ ಟಾರ್ಚಿನ ಬಲ್ಬು ಸುಮಾರು ಹತ್ತು ಲೂಮೆನ್‌ಗಳ ಆಸುಪಾಸಿನಲ್ಲಿ ಬೆಳಕು ಕೊಡುತ್ತಿತ್ತು. ಲೂಮೆನ್ ಎಂದರೆ ಒಂದು ದೀಪವು ಎಲ್ಲ ದಿಕ್ಕುಗಳಿಗೂ ಸೇರಿ ಹೊರಸೂಸುವ ಒಟ್ಟು ಬೆಳಕಿನ ಅಳತೆ. ಅಲ್ಲಿಂದ 300 ಲೂಮೆನ್‌ಗೆ ಏರುವುದು ಯಾರ ಕಣ್ಣಿಗೂ ಗೊತ್ತಾಗುವ ಜಿಗಿತ. ಆದರೆ 500ರಿಂದ 1000ಕ್ಕೆ ಏರಿದಾಗ ಅಷ್ಟೇ ಬೆರಗು ಉಂಟಾಗುವುದಿಲ್ಲ, ಏಕೆಂದರೆ ಕಣ್ಣು ಬೆಳಕಿನ ಹೆಚ್ಚಳವನ್ನು ಅದೇ ಪ್ರಮಾಣದಲ್ಲಿ ಗ್ರಹಿಸುವುದಿಲ್ಲ. ದೃಶ್ಯವೊಂದು ದುಪ್ಪಟ್ಟು ಬೆಳಗಿದಂತೆ ತೋರಬೇಕಾದರೆ ಬೆಳಕು ಕನಿಷ್ಠ ನಾಲ್ಕು ಪಟ್ಟಾದರೂ ಹೆಚ್ಚಬೇಕು. ಸೆಲ್ಲು ಮಾತ್ರ ಈ ರಿಯಾಯಿತಿಯನ್ನು ಕೊಡುವುದಿಲ್ಲ: ದುಪ್ಪಟ್ಟು ಲೂಮೆನ್‌ಗೆ ಅದು ದುಪ್ಪಟ್ಟಿಗಿಂತ ತುಸು ಹೆಚ್ಚೇ ಶಕ್ತಿಯನ್ನು ತೆರಬೇಕಾಗುತ್ತದೆ. ಕಣ್ಣಿಗೆ ಸ್ವಲ್ಪ, ಸೆಲ್ಲಿಗೆ ಬಹಳ ಎಂಬ ಈ ಅಸಮತೋಲನವನ್ನು ಮರೆತ ಆಯ್ಕೆ ದುಬಾರಿಯಾಗುತ್ತದೆ.

ಒಟ್ಟು ಬೆಳಕಿನ ಅಳತೆಯಾದ ಲೂಮೆನ್ ಆ ಬೆಳಕು ಎಲ್ಲಿಗೆ ಹೋಯಿತೆಂಬುದನ್ನು ತಿಳಿಸುವುದಿಲ್ಲ. ಅದನ್ನು ತಿಳಿಸುವುದು ಕ್ಯಾಂಡೆಲಾ, ಅಂದರೆ ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ಸಾಂದ್ರವಾಗಿದೆ ಎಂಬುದರ ಅಳತೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ನೀರು ಹೆಚ್ಚದೆಯೇ ದೂರಕ್ಕೆ ಚಿಮ್ಮುವಂತೆ, ಆಳವಾದ ನುಣುಪು ರಿಫ್ಲೆಕ್ಟರ್ ಇರುವ ಟಾರ್ಚ್ ಕಡಿಮೆ ಲೂಮೆನ್‌ನಲ್ಲಿಯೂ ದೂರದ ಮರವನ್ನು ಮುಟ್ಟಬಲ್ಲದು. ಆಳವಿಲ್ಲದ ಅಥವಾ ಒರಟು ಮೈಯ ರಿಫ್ಲೆಕ್ಟರ್ ಅದೇ ಬೆಳಕನ್ನು ಹತ್ತಿರದ ನೆಲದ ಮೇಲೆ ಅಗಲವಾಗಿ ಹರಡುತ್ತದೆ. ಬದುವಿನ ಮೇಲೆ ನಡೆಯುವವರಿಗೆ ಬೇಕಾದದ್ದು ಹೆಜ್ಜೆಯ ಸುತ್ತಲಿನ ಅಗಲ ಬೆಳಕು. ಸಕಲೇಶಪುರ, ಆಲೂರು ಭಾಗಗಳಲ್ಲಿ ಆನೆಗಳು ಸುಳಿಯುವ ತೋಟದಂಚಿನಲ್ಲಿ ಮುಂದಕ್ಕೆ ಹೋಗದೆ ನಿಂತಲ್ಲಿಂದಲೇ ನೋಡಿ ಹಿಂದೆ ಸರಿಯಬೇಕಾದವರಿಗೆ ಬೇಕಾದದ್ದು ದೂರದ ಕಿರಣ. ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ನಸುಕಿಗೆ ಮುನ್ನ ಟ್ಯಾಪಿಂಗ್ ಮಾಡುವವರಿಗೆ ಎರಡೂ ಕೈಗಳನ್ನು ಬಿಡುವಾಗಿ ಉಳಿಸುವ, ಹಣೆಗೆ ಕಟ್ಟುವ ಲೈಟು. ಒಂದೇ ಲೂಮೆನ್ ಸಂಖ್ಯೆಯು ಈ ಮೂವರಿಗೂ ಒಂದೇ ಉತ್ತರವನ್ನು ಕೊಡುತ್ತದೆ ಎನ್ನುವುದೇ ಅದರ ಮಿತಿಗೆ ಸಾಕ್ಷಿ.

ಅಂಕಿಗಳ ಈ ಗೊಂದಲಕ್ಕೆ ಒಂದು ಶಿಸ್ತನ್ನು ತರಲು ಅಮೆರಿಕದಲ್ಲಿ 2009ರಲ್ಲಿ ಎಫ್‌ಎಲ್ 1 ಎಂಬ ಮಾನದಂಡ ಜಾರಿಗೆ ಬಂದಿತು, 2019ರಲ್ಲಿ ಪರಿಷ್ಕೃತವೂ ಆಯಿತು; ಹೆಸರುವಾಸಿ ತಯಾರಕರಲ್ಲಿ ಅನೇಕರು ಇಂದು ಇದನ್ನೇ ಉಲ್ಲೇಖಿಸುತ್ತಾರೆ. ಅದರ ಪ್ರಕಾರ ಬೆಳಕಿನ ಪ್ರಮಾಣವನ್ನು ಟಾರ್ಚ್ ಹೊತ್ತಿಸಿದ 30ರಿಂದ 120 ಸೆಕೆಂಡುಗಳ ನಡುವೆ ಅಳೆಯಬೇಕು. ಕಿರಣದ ದೂರವೆಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ; ಬಾಳಿಕೆಯ ಅವಧಿಯೆಂದರೆ ಬೆಳಕು ಆರಂಭದ ಪ್ರಮಾಣದ ಶೇಕಡಾ 10ಕ್ಕೆ ಕುಸಿಯುವವರೆಗಿನ ಸಮಯ. ಎಲ್ಲರೂ ಒಂದೇ ರೀತಿಯಲ್ಲಿ ಅಳೆಯುವಂತೆ ಮಾಡಿದ್ದು ಈ ಮಾನದಂಡದ ದೊಡ್ಡ ಉಪಕಾರ. ಆದರೆ ಅದರ ವ್ಯಾಖ್ಯೆಗಳು ಮಾರಾಟಗಾರನಿಗೆ ಬಿಟ್ಟುಕೊಟ್ಟ ಜಾಗವೂ ಚಿಕ್ಕದಲ್ಲ. 1000 ಲೂಮೆನ್‌ನಲ್ಲಿ ಆರಂಭವಾಗಿ ಮೂರು ನಿಮಿಷಗಳಲ್ಲಿ 300ಕ್ಕೆ ಇಳಿದು, ಮುಂದೆ ನಾಲ್ಕು ಗಂಟೆ ಅದೇ ಮಟ್ಟದಲ್ಲಿ ಉರಿಯುವ ಟಾರ್ಚಿನ ಡಬ್ಬಿಯ ಮೇಲೆ 1000 ಲೂಮೆನ್ ಎಂದೂ ನಾಲ್ಕು ಗಂಟೆ ಎಂದೂ ಬರೆಯಬಹುದು. ಎರಡು ಮಾತುಗಳೂ ಬಿಡಿಬಿಡಿಯಾಗಿ ನಿಜ, ಒಟ್ಟಿಗೆ ಓದಿದರೆ ದಾರಿತಪ್ಪಿಸುವಂಥವು.

ದೂರದ ಲೆಕ್ಕವೂ ಹೀಗೆಯೇ. ಲಕ್ಸ್ ಎಂಬುದು ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆಯಾಗಿದ್ದು, 0.25 ಲಕ್ಸ್ ಎಂದರೆ ಹೆಚ್ಚುಕಡಿಮೆ ನಿರಭ್ರ ರಾತ್ರಿಯ ಹುಣ್ಣಿಮೆ ಬೆಳದಿಂಗಳು. ಬೆಳದಿಂಗಳಲ್ಲಿ ದಾರಿ ಕಾಣಬಹುದು, ಆದರೆ ದೂರದ ಪೊದೆಯ ಮರೆಯಲ್ಲಿರುವುದು ದನವೋ ಕಾಡುಪ್ರಾಣಿಯೋ ಎಂಬುದು ಕಾಣಲಾರದು. 10,000 ಕ್ಯಾಂಡೆಲಾದ ಕಿರಣಕ್ಕೆ ಈ ಲೆಕ್ಕದಲ್ಲಿ 200 ಮೀಟರ್ ದೂರ ದಕ್ಕುತ್ತದೆ. 100 ಮೀಟರ್‌ನಲ್ಲಿ ಅದೇ ಕಿರಣ ನಾಲ್ಕು ಪಟ್ಟು, ಅಂದರೆ 1 ಲಕ್ಸ್ ಬೆಳಕನ್ನು ಬೀರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ದೂರವನ್ನು ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಸಿ ಓದುವುದೇ ವಿವೇಕ. ಅದಲ್ಲದೆ ಈ ಮಾನದಂಡ ಸ್ವಯಂಪ್ರೇರಿತವಾದದ್ದು; ಹೆಸರಿಲ್ಲದ ಅಗ್ಗದ ಟಾರ್ಚುಗಳ ಮೇಲಿನ ಹತ್ತಾರು ಸಾವಿರ ಲೂಮೆನ್‌ಗಳಿಗೆ ಇಂತಹ ಯಾವ ಅಳತೆಯ ಹಂಗೂ ಇರುವುದಿಲ್ಲ.

ಇಂತಹ ಘೋಷಣೆಗಳನ್ನು ಪರೀಕ್ಷಿಸಲು ಪ್ರಯೋಗಾಲಯವೇನೂ ಬೇಕಿಲ್ಲ, ಶಾಲೆಯ ಗುಣಾಕಾರ ಸಾಕು. ಇಂದಿನ ಟಾರ್ಚುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಅಯಾನ್ ಸೆಲ್ಲಿನ ಹೆಸರು 18650. ಅದು 18 ಮಿಲಿಮೀಟರ್ ವ್ಯಾಸ ಮತ್ತು 65 ಮಿಲಿಮೀಟರ್ ಉದ್ದವನ್ನು ಸೂಚಿಸುತ್ತದೆ. ಇದರ ಒಳ್ಳೆಯ ಮಾದರಿಗಳ ಸಾಮರ್ಥ್ಯ ಸುಮಾರು 3500 ಮಿಲಿ ಆಂಪಿಯರ್ ಅವರ್; ಅದನ್ನು 3.6 ವೋಲ್ಟಿನಿಂದ ಗುಣಿಸಿದರೆ ಸಿಗುವುದು 12.6 ವಾಟ್ ಅವರ್ ಶಕ್ತಿ. ಒಳ್ಳೆಯ ಟಾರ್ಚೊಂದು ಒಂದು ವಾಟಿಗೆ ಸುಮಾರು 100 ಲೂಮೆನ್ ಬೆಳಕು ಕೊಡುತ್ತದೆಂದು ಇಟ್ಟುಕೊಂಡರೆ, ಪೂರ್ತಿ ಚಾರ್ಜಾದ ಒಂದು ಸೆಲ್ಲು 1000 ಲೂಮೆನ್ ಬೆಳಕನ್ನು ಒಂದೂಕಾಲು ಗಂಟೆ, ಇಲ್ಲವೇ 300 ಲೂಮೆನ್ ಬೆಳಕನ್ನು ನಾಲ್ಕು ಗಂಟೆ ಕೊಡಬಲ್ಲದು, ಅದಕ್ಕಿಂತ ಹೆಚ್ಚಲ್ಲ. ಒಂದೇ ಸೆಲ್ಲಿನಲ್ಲಿ 5000 ಲೂಮೆನ್ ಹತ್ತು ಗಂಟೆ ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. 18650 ಸೆಲ್ಲಿನ ಮೈಮೇಲೆ 9900 ಎಂದು ಅಚ್ಚು ಹಾಕಿದ್ದರೆ ಆ ಸೆಲ್ಲನ್ನು ಮಾತ್ರವಲ್ಲ, ಅದನ್ನು ಒಳಗಿಟ್ಟು ಮಾರುವ ಟಾರ್ಚನ್ನೂ ನಂಬಬೇಕಾಗಿಲ್ಲ.

ಸೆಲ್ಲಿನ ಶಕ್ತಿಯಷ್ಟೇ ನಿರ್ಣಾಯಕವಾದ ಇನ್ನೊಂದು ಸಂಗತಿ ಬಿಸಿ. ಎಲ್‌ಇಡಿಯು ಪಡೆದ ವಿದ್ಯುತ್ತಿನ ದೊಡ್ಡ ಪಾಲು ಈಗಲೂ ಬಿಸಿಯಾಗಿಯೇ ಹೊರಬರುತ್ತದೆ, ಮತ್ತು ಬಿಸಿಯಾದಷ್ಟೂ ಎಲ್‌ಇಡಿಯ ಬೆಳಕೂ ಆಯುಷ್ಯವೂ ಕುಗ್ಗುತ್ತವೆ. 1000 ಲೂಮೆನ್‌ಗೆ ಬೇಕಾಗುವ ಹತ್ತು ವಾಟಿನಷ್ಟು ವಿದ್ಯುತ್ತಿನಿಂದ ಹುಟ್ಟುವ ಬಿಸಿಯನ್ನು ಅಂಗೈಯಗಲದ ಅಲ್ಯೂಮಿನಿಯಂ ಕೊಳವೆ ಬಹಳ ಹೊತ್ತು ಹೊರಹಾಕಲಾರದು. ಆದ್ದರಿಂದ ಟಾರ್ಚಿನೊಳಗಿನ ಡ್ರೈವರ್, ಅಂದರೆ ಸೆಲ್ಲಿನಿಂದ ಎಲ್‌ಇಡಿಗೆ ಹರಿಯುವ ವಿದ್ಯುತ್ತನ್ನು ಹದಗೊಳಿಸುವ ಸರ್ಕ್ಯೂಟ್, ಕೆಲವು ನಿಮಿಷಗಳಲ್ಲಿ ಬೆಳಕನ್ನು ತಾನಾಗಿಯೇ ಇಳಿಸುತ್ತದೆ. ಇದು ದೋಷವಲ್ಲ, ರಕ್ಷಣೆ. ದೋಷವಿರುವುದು ಇಳಿದ ಮೇಲಿನ ಮಟ್ಟವನ್ನು ಹೇಳದೆ ಏರಿದ ಕ್ಷಣವನ್ನಷ್ಟೇ ಜಾಹೀರು ಮಾಡುವುದರಲ್ಲಿ. ಒಳ್ಳೆಯ ಡ್ರೈವರ್ ಸೆಲ್ಲು ಇಳಿಯುತ್ತಿದ್ದರೂ ಬೆಳಕನ್ನು ಒಂದೇ ಮಟ್ಟದಲ್ಲಿ ಕಾಯುತ್ತದೆ. ಆದರೆ ಇದರ ಇನ್ನೊಂದು ಮುಖವೆಂದರೆ, ಹಳೆಯ ಟಾರ್ಚ್ ಕೆಂಪಗಾಗುತ್ತ ಬಂದು ಸೆಲ್ಲು ಮುಗಿಯುತ್ತಿರುವುದನ್ನು ತಾನೇ ತಿಳಿಸುತ್ತಿತ್ತು, ಹೊಸದು ಕೊನೆಯವರೆಗೂ ಬೆಳಗಿ ಥಟ್ಟನೆ ಆರಿಬಿಡಬಹುದು. ಚಾರ್ಜ್ ಕಡಿಮೆಯಾದಾಗ ಸೂಚನೆ ಕೊಟ್ಟು ಮಂದ ಬೆಳಕಿಗೆ ಜಾರುವ ಏರ್ಪಾಟು ಇಲ್ಲದ ಟಾರ್ಚನ್ನು, ಅದು ಎಷ್ಟೇ ಪ್ರಖರವಾಗಿರಲಿ, ಭರವಸೆಯದೆಂದು ಕರೆಯಲಾಗದು.

ಬೆಳಕಿನ ಬಣ್ಣವೂ ಅಂಕಿಯ ಮೋಹಕ್ಕೆ ಬಲಿಯಾದ ಗುಣಗಳಲ್ಲಿ ಒಂದು. ನೀಲಿ ಛಾಯೆಯ ತಂಪು ಬಿಳುಪಿನಲ್ಲಿ ಅದೇ ವಿದ್ಯುತ್ತಿಗೆ ಹೆಚ್ಚು ಲೂಮೆನ್ ದೊರೆಯುವುದರಿಂದ ತಯಾರಕರು 6500 ಕೆಲ್ವಿನ್ ಆಸುಪಾಸಿನ ಎಲ್‌ಇಡಿಗಳನ್ನೇ ಆರಿಸುತ್ತಾರೆ. ಕೆಲ್ವಿನ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ, ಇಳಿದಷ್ಟೂ ಹಳದಿಯತ್ತ ವಾಲುತ್ತದೆ. ಇಂತಹ ಎಲ್‌ಇಡಿಗಳಲ್ಲಿ ಕೆಂಪಿನ ಅಂಶ ಕಡಿಮೆಯಾಗಿರುವುದರಿಂದ ಒಣಗಿದ ತರಗೆಲೆ, ಮಣ್ಣು ಮತ್ತು ಕಂದು ಮಚ್ಚೆಯ ಹಾವಿನ ಮೈ ಒಂದೇ ಬೂದುಬಣ್ಣಕ್ಕೆ ಹತ್ತಿರವಾಗಿ ತೋರುತ್ತವೆ. 4000ದಿಂದ 5000 ಕೆಲ್ವಿನ್‌ವರೆಗಿನ, ಬಣ್ಣಗಳನ್ನು ನಿಜಕ್ಕೆ ಹತ್ತಿರವಾಗಿ ತೋರಿಸುವ ಎಲ್‌ಇಡಿಯು ಒಂದಷ್ಟು ಲೂಮೆನ್‌ಗಳನ್ನು ಕಳೆದುಕೊಂಡರೂ ನೋಟದ ಸ್ಪಷ್ಟತೆಯನ್ನು ಗಳಿಸಿಕೊಡುತ್ತದೆ. ಮಲೆನಾಡಿನ ಮಂಜಿನಲ್ಲಿ ಹೆಚ್ಚುವರಿ ಬೆಳಕು ನೀರಿನ ಕಣಗಳಿಂದ ಚದುರಿ ನೋಡುವವರ ಕಣ್ಣಿಗೇ ಮರಳುವುದರಿಂದ ಅಲ್ಲಿ ಲೂಮೆನ್ ಏರಿಸುವುದು ಪರಿಹಾರವಾಗದೆ ತೊಂದರೆಯಾಗುತ್ತದೆ. ಟಾರ್ಚನ್ನು ಕಣ್ಣಿನ ಮಟ್ಟದಿಂದ ಕೆಳಗೆ, ಸೊಂಟದ ಹತ್ತಿರ ಹಿಡಿಯುವುದೇ ಅಲ್ಲಿ ಹೆಚ್ಚು ಫಲ ಕೊಡುವ ಕ್ರಮ.

ಇನ್ನು ಬಾಳಿಕೆಯ ಪ್ರಶ್ನೆ. ಹತ್ತಾರು ಸಾವಿರ ಗಂಟೆಗಳ ಆಯುಷ್ಯವೆಂಬ ಹೇಳಿಕೆ ಎಲ್‌ಇಡಿಯನ್ನು ಕುರಿತದ್ದೇ ಹೊರತು ಟಾರ್ಚನ್ನು ಕುರಿತದ್ದಲ್ಲ. ಟಾರ್ಚ್ ಕೆಡುವುದು ಸಾಮಾನ್ಯವಾಗಿ ಅದರ ಅತ್ಯಂತ ಅಗ್ಗದ ಭಾಗಗಳಲ್ಲಿ: ಸ್ವಿಚ್ಚು, ಸ್ಪ್ರಿಂಗು, ಚಾರ್ಜಿಂಗ್ ಪಿನ್ನು, ನೀರು ತಡೆಯುವ ರಬ್ಬರ್ ಉಂಗುರ. ಮಡಚುವ ಪಿನ್ನನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಟಾರ್ಚುಗಳಲ್ಲಿ ಅನೇಕವುಗಳ ಒಳಗಿರುವುದು ಸೀಸ ಮತ್ತು ಆಮ್ಲದ ಸಣ್ಣ ಬ್ಯಾಟರಿ. ಅದನ್ನು ಪೂರ್ತಿ ಬರಿದಾಗಿಸಿ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹಳೆಯ ಟಾರ್ಚಿನ ಬಲ್ಬು ಬೇಗ ಸುಟ್ಟುಹೋಗುತ್ತಿತ್ತು ನಿಜ, ಆದರೆ ಬಲ್ಬು ಬದಲಿಸಿ, ಸ್ಪ್ರಿಂಗಿನ ಕಿಲುಬು ಕೆರೆದು ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದಿತ್ತು. ಸೆಲ್ಲನ್ನು ಒಳಗೇ ಬೆಸೆದು ಮುಚ್ಚಿದ ಹೊಸ ಟಾರ್ಚ್ ಆ ಸ್ವಾತಂತ್ರ್ಯವನ್ನು ಕಸಿದುಕೊಂಡಿದೆ: ಅದರ ಸೆಲ್ಲು ಸತ್ತ ದಿನ, ಇನ್ನೂ ಎಷ್ಟೋ ವರ್ಷ ಬೆಳಗಬಲ್ಲ ಎಲ್‌ಇಡಿಯೂ ಕಸದ ಬುಟ್ಟಿ ಸೇರುತ್ತದೆ.

ಹಾಗಾಗಿ ಹೊಸ ಟಾರ್ಚನ್ನು ಆರಿಸುವಾಗ ಸೆಲ್ಲನ್ನು ಕೈಯಿಂದ ಬಿಚ್ಚಿ ಬದಲಿಸಬಹುದೇ ಎಂಬ ಪ್ರಶ್ನೆ ಲೂಮೆನ್ ಎಷ್ಟು ಎಂಬ ಪ್ರಶ್ನೆಗಿಂತ ಮೊದಲು ಬರಬೇಕು. ಬಿಡಿಯಾಗಿ ಕೊಳ್ಳುವ ಲಿಥಿಯಂ ಸೆಲ್ಲು ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದ ಗುರುತನ್ನು ಹೊಂದಿರಬೇಕು ಮತ್ತು ಅದನ್ನು ಕೀಲಿಕೈ, ನಾಣ್ಯಗಳ ಜೊತೆ ಜೇಬಿನಲ್ಲಿ ಇಟ್ಟುಕೊಳ್ಳಬಾರದು, ಏಕೆಂದರೆ ಎರಡು ತುದಿಗಳು ಲೋಹದಿಂದ ಕೂಡಿಕೊಂಡರೆ ಸೆಲ್ಲು ಹೊತ್ತಿಕೊಳ್ಳಬಹುದು. ನೀರಿನ ವಿಷಯದಲ್ಲಿ ಐಪಿಎಕ್ಸ್4 ಎಂಬ ಗುರುತು ಚಿಮುಕುವ ನೀರನ್ನು ತಡೆಯುವ ಭರವಸೆಯನ್ನೂ, ಐಪಿಎಕ್ಸ್7 ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದ್ದರೂ ನೀರು ಒಳನುಗ್ಗದೆಂಬ ಭರವಸೆಯನ್ನೂ ಕೊಡುತ್ತದೆ. ಕರಾವಳಿ ಮಲೆನಾಡುಗಳ ಮಳೆಗೆ ಎರಡನೆಯದೇ ಸರಿ. ಒಂದೇ ಗುಂಡಿಯ ಹಿಂದೆ ಮಿಣುಕು, ತುರ್ತು ಸಂಕೇತ ಇತ್ಯಾದಿ ಐದಾರು ಬಗೆಗಳನ್ನು ಅಡಗಿಸಿ, ಬೇಕಾದ ಬೆಳಕಿಗಾಗಿ ಕತ್ತಲಲ್ಲಿ ಪದೇಪದೇ ಒತ್ತುವಂತೆ ಮಾಡುವ ವಿನ್ಯಾಸವು ಸಮೃದ್ಧಿಯಂತೆ ತೋರಿದರೂ ಬಳಕೆಯಲ್ಲಿ ಅಡ್ಡಿಯೇ. ಮೂರು ಮಟ್ಟದ ಬೆಳಕು ಮತ್ತು ಒಂದೇ ಒತ್ತಿಗೆ ಹೊತ್ತುವ ಸ್ವಿಚ್ಚು ಬಹುಪಾಲು ಕೆಲಸಗಳಿಗೆ ಸಾಕು.

ಒಟ್ಟಿನಲ್ಲಿ ಹೇಳುವುದಾದರೆ, ಒಂದು 18650 ಸೆಲ್ಲಿನಲ್ಲಿ 300ರಿಂದ 500 ಲೂಮೆನ್‌ಗಳನ್ನು ಇಳಿಯಗೊಡದೆ ಎರಡು ಗಂಟೆಯಾದರೂ ಕೊಡುವ, ಸೆಲ್ಲು ಬದಲಿಸಬಹುದಾದ, 4000ದಿಂದ 5000 ಕೆಲ್ವಿನ್ ಬಿಳುಪಿನ, ಐಪಿಎಕ್ಸ್7 ಗುರುತಿನ ಟಾರ್ಚ್ ಮನೆಗೂ ಹೊಲಕ್ಕೂ ಇಂದು ಸಿಗಬಹುದಾದ ಉತ್ತಮ ಆಯ್ಕೆ. ದೂರ ನೋಡುವ ಅಗತ್ಯವಿರುವವರು ಇದೇ ಗುಣಗಳಿರುವ, ಆಳವಾದ ರಿಫ್ಲೆಕ್ಟರಿನ ಟಾರ್ಚನ್ನು ಆರಿಸಿಕೊಳ್ಳಬಹುದು. ಸಾವಿರಕ್ಕೆ ಮೀರಿದ ಲೂಮೆನ್ ಬೇಕಾದಾಗ ಒದಗಲಿ, ಆದರೆ ಅದಕ್ಕಾಗಿ ಹೆಚ್ಚು ಹಣ ತೆರುವ ಮುನ್ನ ಗ್ರಾಹಕರು ಅಂಗಡಿಯವರಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಹತ್ತು ನಿಮಿಷದ ನಂತರ ಇದರ ಬೆಳಕು ಎಷ್ಟಿರುತ್ತದೆ? ಆ ಅಂಕಿಯನ್ನು ಡಬ್ಬಿಯ ಮೇಲೆಯೇ ಅಚ್ಚು ಹಾಕಬೇಕೆಂಬ ನಿಯಮವನ್ನು ಭಾರತೀಯ ಮಾನಕ ಬ್ಯೂರೋ ತಂದರೆ, ಟಾರ್ಚ್ ಕೊಳ್ಳುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿರದು.