ತುಘಲಕನ ಕ್ಷಮೆ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಆದರ್ಶವಾದಿಯೊಬ್ಬನ ಪತನದ ಕಥೆಯಾಗಿ ಓದುವುದು ರೂಢಿ. ದೊಡ್ಡಬಳ್ಳಾಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅದನ್ನು ಪಾಠ ಮಾಡುವ ನನಗೆ ಈಚೆಗೆ ಅದು ಕ್ಷಮಾದಾನದ ನಾಟಕವಾಗಿಯೂ ಕಾಣುತ್ತದೆ. ನಜೀಬನನ್ನು ಕೊಲ್ಲಿಸಿದ್ದು ತಾನೇ ಎಂದು ಒಪ್ಪಿಕೊಂಡ ಮಲತಾಯಿಗೆ ಸುಲ್ತಾನ ಕಲ್ಲೇಟಿನ ಸಾವು ವಿಧಿಸುತ್ತಾನೆ. ಖಲೀಫನ ವಂಶಸ್ಥನನ್ನು ಕೊಂದು ಅವನದೇ ವೇಷದಲ್ಲಿ ಆಸ್ಥಾನಕ್ಕೆ ಬಂದ ಅಜೀಜನಿಗೋ ಕ್ಷಮೆಯೂ ಸಿಗುತ್ತದೆ, ದಖ್ಖನಿನಲ್ಲಿ ಅಧಿಕಾರವೂ ಸಿಗುತ್ತದೆ. ಎರಡೂ ಕೊಲೆಗಳೇ. ತಾನೇ ಸುಲ್ತಾನನ ನಿಜವಾದ ಶಿಷ್ಯ ಎಂಬ ಅಜೀಜನ ವಾದ ದೊರೆಯ ಮನಸ್ಸಿಗೆ ನಾಟಿತು, ಅಷ್ಟೆ.

ಸುಲ್ತಾನನಿಗೆ ಸಂವಿಧಾನವಿರಲಿಲ್ಲ, ನಮಗಿದೆ. ಅದರ 72ನೇ ವಿಧಿ ರಾಷ್ಟ್ರಪತಿಗೆ, 161ನೇ ವಿಧಿ ರಾಜ್ಯಪಾಲರಿಗೆ ಕ್ಷಮೆಯ ಅಧಿಕಾರ ಕೊಡುತ್ತವೆ. ಸರ್ಕಾರದ ಸಲಹೆಯಂತೆಯೇ ಅದನ್ನು ಚಲಾಯಿಸಬೇಕೆಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಆದರೆ ಕಾರಣ ಬರೆಯಬೇಕು, ಇಷ್ಟು ದಿನದೊಳಗೆ ತೀರ್ಮಾನಿಸಬೇಕು ಎಂಬ ಮಾತು ಆ ವಿಧಿಗಳಲ್ಲಿ ಎಲ್ಲೂ ಇಲ್ಲ.

ಈ ಮೌನದ ಬೆಲೆ ಕರ್ನಾಟಕಕ್ಕೆ ಗೊತ್ತು. 1993ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಗಲ್ಲು ವಿಧಿಸಿತು. ಅವರ ಕ್ಷಮಾ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಈ ವಿಳಂಬದ ಕಾರಣಕ್ಕೇ 2014ರ ಜನವರಿ 21ರಂದು ಶಿಕ್ಷೆ ಜೀವಾವಧಿಗೆ ಇಳಿಯಿತು. ಅಷ್ಟು ವರ್ಷ ಸತ್ತವರ ಮನೆಯವರಿಗೂ ಉತ್ತರವಿರಲಿಲ್ಲ, ಗಲ್ಲಿನ ನೆರಳಲ್ಲಿದ್ದವರಿಗೂ ಇರಲಿಲ್ಲ.

ಕೊಡಬಾರದ ಕ್ಷಮೆಯ ಉದಾಹರಣೆಯೂ ಪಕ್ಕದಲ್ಲೇ ಇದೆ. ಆಂಧ್ರದ ರಾಜ್ಯಪಾಲರು ಪಕ್ಷದ ಕಾರ್ಯಕರ್ತನೊಬ್ಬನಿಗೆ ಕೊಟ್ಟ ಶಿಕ್ಷೆಯ ರಿಯಾಯಿತಿಯನ್ನು ಸುಪ್ರೀಂ ಕೋರ್ಟ್ 2006ರಲ್ಲಿ ರದ್ದು ಮಾಡಿತು. ಜಾತಿ, ಧರ್ಮ, ರಾಜಕೀಯ ನಿಷ್ಠೆ ಕ್ಷಮೆಗೆ ಆಧಾರವಾಗಬಾರದು ಎಂಬುದು ಅದರ ನಿಲುವು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಮು ಈ ಬಾಗಿಲನ್ನೇ ಮುಚ್ಚಲು ಹೊರಟಿದೆ. ಗಲ್ಲಿಗೆ ಗುರಿಯಾದ ಕೈದಿ ಅರ್ಜಿ ಸಲ್ಲಿಸಲು 30 ದಿನದ ಗಡುವಿದೆ, ರಾಷ್ಟ್ರಪತಿಗೆ ಗಡುವಿಲ್ಲ. ತೀರ್ಮಾನಕ್ಕೆ ಹೇಗೆ ಬಂದರೆಂದು ಯಾವ ಕೋರ್ಟೂ ವಿಚಾರಿಸುವಂತಿಲ್ಲ.

ಕ್ಷಮೆಯೇ ಬೇಡ ಎನ್ನುವವನಲ್ಲ ನಾನು. ನ್ಯಾಯಾಧೀಶರೂ ತಪ್ಪುತ್ತಾರೆ, ಕರುಣೆಗೊಂದು ಕಿಂಡಿ ಇರಲೇಬೇಕು. ಸಾಮಾನ್ಯ ಕಾಯ್ದೆ ಅದನ್ನು ಕತ್ತಲಲ್ಲಿಡುವುದಾದರೆ ಸಂವಿಧಾನವನ್ನೇ ತಿದ್ದಬೇಕು: ಲಿಖಿತ ಕಾರಣ, ಕಾಲಮಿತಿ, ಕೋರ್ಟಿನ ಪರಿಶೀಲನೆ, ಈ ಮೂರು ಆ ಎರಡು ವಿಧಿಗಳಲ್ಲೇ ಸೇರಬೇಕು. ಕಾರ್ನಾಡರ ನಾಟಕದಲ್ಲಿ ಅಜೀಜನಿಗೆ ಶಿಕ್ಷೆಯಾಗಲಿ ಎಂದು ಕೇಳಲು ಬರನಿಯಾದರೂ ಇದ್ದ. ಹೊಸ ಕಾಯ್ದೆಯಲ್ಲಿ ಬರನಿಯ ಪಾತ್ರವನ್ನೇ ಕಿತ್ತುಹಾಕಲಾಗಿದೆ.