ಚಿತ್ರದ ಕೆಳಗಿನ ಮಾತು

ಹಾಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಕಳೆದ ದೀಪಾವಳಿಗೆ ಬಂದಾಗ ತಂದ ಸಾಮಾನಿನಲ್ಲಿ ಒಂದು ಹಳೆಯ ಪುಸ್ತಕವಿತ್ತು. ಪುಟಪುಟದಲ್ಲೂ ಸಾಲಾಗಿ ಮೂರು ಚಿತ್ರಗಳು, ಅವುಗಳ ಕೆಳಗೆ ಒತ್ತೊತ್ತಾಗಿ ಅಚ್ಚಾದ ಗದ್ಯ. ಚಿತ್ರದೊಳಗೆ ಕೋಟು ತೊಟ್ಟ ಕರಡಿ, ಬೆಳ್ಳನೆಯ ಬೆಕ್ಕು. ಮಕ್ಕಳ ಕಾಮಿಕ್ಸ್ ಇರಬೇಕೆಂದು ಪಕ್ಕಕ್ಕಿಟ್ಟೆ. “ಇದು ಬರೀ ಮಕ್ಕಳದ್ದಲ್ಲ ಮಾವ, ಅಲ್ಲಿ ಪ್ರೊಫೆಸರುಗಳೂ ಇದನ್ನ ಕಪಾಟಿನಲ್ಲಿ ಇಟ್ಕೊಂಡಿರ್ತಾರೆ” ಎಂದ. ಮುಂದಿನ ನಾಲ್ಕು ಸಂಜೆ ಅವನು ಓದಿ ಅರ್ಥ ಹೇಳುತ್ತ ಹೋದ, ನಾನು ಕೇಳುತ್ತ ಹೋದೆ. ಡಚ್ ಬಾರದವನು ಡಚ್ ಕೃತಿಯ ವಿಮರ್ಶೆಗೆ ಹೊರಡುವುದು ಅಧಿಕಪ್ರಸಂಗವೇ ಸರಿ. ಆದರೆ ಆ ನಾಲ್ಕು ಸಂಜೆಗಳಲ್ಲಿ ನನಗೆ ಹೊಳೆದ ಒಂದು ಮಾತನ್ನು ಊರು ಬಿಟ್ಟು ಬಂದ ನಮ್ಮಂಥವರ ಮುಂದೆ ಇಡದೆ ಇರಲಾರೆ.

ಕೃತಿಯ ಕರ್ತೃ ಮಾರ್ಟೆನ್ ಟೋಂಡರ್. 1912ರಲ್ಲಿ ರೊಟರ್‌ಡಾಮಿನಲ್ಲಿ ಹುಟ್ಟಿದವರು, ಹಡಗಿನ ಕಪ್ತಾನನ ಮಗ. 1940ರಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದರು. ಮರುವರ್ಷ ‘ಡೆ ಟೆಲೆಗ್ರಾಫ್’ ದಿನಪತ್ರಿಕೆಯಲ್ಲಿ ಮಿಕ್ಕಿ ಮೌಸ್‌ನ ಜಾಗ ತೆರವಾಯಿತು. ಆ ತೆರವಿನಲ್ಲಿ 1941ರ ಮಾರ್ಚ್ 16ರಂದು ಟಾಮ್ ಪೂಸ್ ಎಂಬ ಪುಟ್ಟ ಬೆಕ್ಕು ಕಾಲಿಟ್ಟಿತು. ಹೆಸರಿಟ್ಟವರು ಟೋಂಡರರ ಪತ್ನಿ, ತಾವೂ ಮಕ್ಕಳ ಪುಸ್ತಕಗಳನ್ನು ಬರೆದ ಫೀನಿ ಡಿಕ್. ‘ಟೊಂಪೂಸ್’ ಎಂದರೆ ಅಲ್ಲಿನ ಬೇಕರಿಗಳಲ್ಲಿ ಸಿಗುವ, ನಡುವೆ ಕೆನೆ ತುಂಬಿದ ಒಂದು ತಿಂಡಿ. ‘ಪೂಸ್’ ಎಂದರೆ ಬೆಕ್ಕು. ಹೆಸರಿನಲ್ಲೇ ಮಾತಿನ ಆಟ ಶುರುವಾಗಿದೆ ನೋಡಿ. 1944ರ ನವೆಂಬರಿನಲ್ಲಿ ಪತ್ರಿಕೆಯ ಆಡಳಿತ ನಾಜಿ ಪಕ್ಷಪಾತಿಗಳ ಕೈಗೆ ಹೋದಾಗ ಟೋಂಡರ್ ಕಥೆಯನ್ನು ನಿಲ್ಲಿಸಿಬಿಟ್ಟರು. 1947ರಲ್ಲಿ ಬೇರೆ ಪತ್ರಿಕೆಗಳಲ್ಲಿ ಅದು ಮತ್ತೆ ಹೊರಟು, ನಿಂತದ್ದು 1986ರ ಜನವರಿ 20ರಂದು. ಅಷ್ಟರಲ್ಲಿ ಕಥೆಗಳ ಎಣಿಕೆ 177 ಆಗಿತ್ತು.

ಬೆಕ್ಕಿನ ಹೆಸರಿನಲ್ಲಿ ಶುರುವಾದ ಸರಣಿಯನ್ನು ನುಂಗಿ ಕೂತವನು ಕರಡಿ. ಮೂರನೆಯ ಕಥೆಯಲ್ಲಿ ಅತಿಥಿಯಂತೆ ಬಂದ ಒಲಿವಿಯರ್ ಬಿ. ಬೊಮ್ಮೆಲ್ ಮತ್ತೆ ಹೊರಡಲೇ ಇಲ್ಲ. ರೊಮ್ಮೆಲ್‌ಡಾಮ್ ಎಂಬ ಊರಿನ ಪಕ್ಕ ಅವನದೊಂದು ಕೋಟೆಮನೆ, ಯೋಸ್ಟ್ ಎಂಬ ಬಟ್ಲರ್, ಬೇಕಾದಷ್ಟು ಹಣ. (ರೊಮ್ಮೆಲ್ ಎಂದರೆ ಬೇಡದ ಹಳೇ ಸಾಮಾನಿನ ರಾಶಿ.) ತಾನು ಅಂತಸ್ತಿನ ಮನುಷ್ಯ ಎಂಬುದನ್ನು ಅವನು ಒಂದು ಗಳಿಗೆಯೂ ಮರೆಯುವವನಲ್ಲ, ಬೇರೆಯವರು ಮರೆಯಲು ಬಿಡುವವನೂ ಅಲ್ಲ. ಮಾತೆತ್ತಿದರೆ ಸ್ವರ್ಗಸ್ಥ ತಂದೆಯವರ ಉಪದೇಶ. ತಂಟೆ ತಂದುಕೊಳ್ಳುವವನು ಅವನು, ಬಿಡಿಸುವುದು ಬೆಕ್ಕು, ಹೆಸರು ಮತ್ತೆ ಅವನಿಗೇ. ಕರಡಿ ಗೆದ್ದದ್ದೇಕೆ? ಜಾಣನ ಜಾಣತನ ಹತ್ತು ಕಥೆಗಳಿಗೆ ಮುಗಿದುಹೋಗುತ್ತದೆ. ಒಳ್ಳೆಯ ಮನಸ್ಸಿನ, ಜಂಬದ, ಅಂಜುಬುರುಕ ಶ್ರೀಮಂತನ ಪೆದ್ದುತನಕ್ಕೆ ಕೊನೆಯೆಂಬುದಿಲ್ಲ. ಮೈಸೂರಿನಿಂದ ಮುಂಬಯಿಗೆ ಬಂದ ಆರ್. ಕೆ. ಲಕ್ಷ್ಮಣರ ‘ಕಾಮನ್ ಮ್ಯಾನ್’ ನೆನಪಾಗುತ್ತಾನೆ. ಅವನೂ ಚೌಕಳಿಯ ಕೋಟಿನವನೇ, ಬೊಮ್ಮೆಲ್ಲನೂ ಚೌಕಳಿಯ ಕೋಟಿನವನೇ. ಆದರೆ ಅವನು ಬಾಯಿ ಬಿಡುವುದಿಲ್ಲ, ಇವನು ಬಾಯಿ ಮುಚ್ಚುವುದಿಲ್ಲ.

ಈ ಬಾಯಿಯೇ ಕೃತಿಯ ನಿಜವಾದ ಬಂಡವಾಳ. ಅಮೆರಿಕದ ಪದ್ಧತಿಯಂತೆ ಪಾತ್ರಗಳ ಬಾಯಿಂದ ಗುಳ್ಳೆ ಹೊರಡಿಸಿ ಅದರೊಳಗೆ ಮಾತು ತುಂಬುವುದನ್ನು ಅಂದಿನ ಡಚ್ ಉಪಾಧ್ಯಾಯವರ್ಗ ಸಹಿಸುತ್ತಿರಲಿಲ್ಲ. ಮಕ್ಕಳ ಓದು ಕೆಡುತ್ತದೆಂಬ ಭಯ. 1948ರಲ್ಲಿ ಶಿಕ್ಷಣ ಸಚಿವ ರುಟೆನ್ ಅವರು ಅಗ್ಗದ ಚಿತ್ರಕಾದಂಬರಿಗಳ ವಿರುದ್ಧ ಶಾಲೆಗಳಿಗೆ ಸುತ್ತೋಲೆಯನ್ನೇ ಕಳಿಸಿದರು. ಚಿತ್ರದ ಕೆಳಗೆ ಅಚ್ಚುಕಟ್ಟಾದ ಗದ್ಯ ಇದ್ದರೆ ಅದಕ್ಕೆ ಮರ್ಯಾದೆ. ಮೇಷ್ಟರುಗಳ ಈ ಮಡಿವಂತಿಕೆ ಟೋಂಡರರಿಗೆ ವರವಾಯಿತೆಂದೇ ನನ್ನ ಅಭಿಪ್ರಾಯ. ಗುಳ್ಳೆಯಲ್ಲಿ ಹಿಡಿಸದಷ್ಟು ಮಾತು ಕೆಳಗೆ ಹಿಡಿಸಿತು. ಚಿತ್ರದಲ್ಲಿ ಕರಡಿ ಓಡುತ್ತಿರುತ್ತದೆ. ಕೆಳಗಿನ ಗದ್ಯ ಅದೇ ಓಟವನ್ನು ಗಂಭೀರವಾಗಿ, ಒಂದು ರಾಜಕಾರ್ಯವೆಂಬಂತೆ ವರ್ಣಿಸುತ್ತದೆ. ನಗು ಹುಟ್ಟುವುದು ಈ ಎರಡರ ನಡುವಿನ ಸಂದಿಯಲ್ಲಿ.

ಒಬ್ಬೊಬ್ಬನಿಗೂ ಒಂದೊಂದು ಭಾಷೆ ಬೇರೆ. ಮೊದಲ ದರ್ಜೆ ಗುಮಾಸ್ತ ಡೋರ್ಕ್ನೋಪರ್ ಕಚೇರಿಯ ಕಾಗದಪತ್ರದಂತೆಯೇ ಮಾತಾಡುತ್ತಾನೆ. ಹುಂಜದ ರೂಪದ ಮಾರ್ಕ್ವಿಸ್ ಫ್ರೆಂಚ್ ಉದುರಿಸುತ್ತ ನೆರೆಯ ಕರಡಿಯನ್ನು ಹೊಸಶ್ರೀಮಂತನೆಂದು ಕಡೆಗಣಿಸುತ್ತಾನೆ. ಪ್ರೊಫೆಸರನ ಡಚ್ಚಿನಲ್ಲಿ ಅರ್ಧ ಜರ್ಮನ್. ಕೈಲಾಸಂ ನಾಟಕಗಳ ಇಂಗ್ಲಿಷ್‌ಗನ್ನಡಕ್ಕೆ ನಕ್ಕ ನಮಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಲ್ಲದೆ ಟೋಂಡರ್ ಹೊಸ ಶಬ್ದಗಳನ್ನೇ ಟಂಕಿಸಿದರು. ಕ್ವೆಟಲ್ ಎಂಬ ಕುಳ್ಳ ಮಹಾ ಬುದ್ಧಿವಂತ, ಏನು ಬೇಕಾದರೂ ಕಟ್ಟಬಲ್ಲ. ಆದರೆ ಅವನ ಪ್ರಕಾರ ತನ್ನ ‘ಡೆಂಕ್‌ರಾಮ್’ ಸಣ್ಣದು, ಬೊಮ್ಮೆಲ್ಲನದು ಬಹಳ ವಿಶಾಲ! ಡೆಂಕ್‌ರಾಮ್ ಅಂದರೆ ಯೋಚನೆಯ ಕಿಟಕಿ ಎನ್ನೋಣ. ಈ ಪದ ಇಂದು ಡಚ್ ನಿಘಂಟಿನಲ್ಲಿದೆ. ಮಂದಬುದ್ಧಿಯವನಿಗೆ ‘ಮಿನ್‌ಕೂಕಲ್’, ಮನೋವೈದ್ಯನಿಗೆ ‘ಆತ್ಮ ಚಿವುಟುವವ’ ಎಂಬರ್ಥದ ‘ಝೀಲ್‌ಕ್ನೈಪರ್’, ಇವೂ ಜನರ ಬಾಯಿಗೆ ಬಂದಿವೆ. 1963ರ ‘ಡೆ ಬೋವನ್‌ಬಾಜನ್’ ಕಥೆಯಲ್ಲಿ ಲೋಕದ ಆಸ್ತಿಯನ್ನೆಲ್ಲ ಹಂಚಿಕೊಂಡು ಕೂತ ಕೆಲವೇ ಧನಿಕರ ವಿಡಂಬನೆಯಿದೆ. ‘ಮೇಲಿನ ಧಣಿ’ ಎಂಬ ಆ ಪದಕ್ಕೂ ಕೆಲಸ ತಪ್ಪಿಲ್ಲ. 1967ರಿಂದ ಈ ಕಥೆಗಳನ್ನು ಪುಸ್ತಕವಾಗಿ ತಂದದ್ದು ‘ಡೆ ಬೆಝಿಗೆ ಬೈ’, ಯುದ್ಧಕಾಲದ ಪ್ರತಿಭಟನೆಯಲ್ಲಿ ಹುಟ್ಟಿದ ಸಾಹಿತ್ಯ ಪ್ರಕಾಶನ ಸಂಸ್ಥೆ. ಕಾದಂಬರಿಕಾರರ ಪಂಕ್ತಿಯಲ್ಲಿ ಕರಡಿಗೂ ಎಲೆ ಹಾಕಿದರು.

ಹೊಗಳಿಕೆ ಇಷ್ಟಾದ ಮೇಲೆ ನನಗೆ ಒಗ್ಗದ್ದನ್ನೂ ಹೇಳಬೇಕು. ಕಥೆ ಮುಗಿಯುವುದು ಬಹುಮಟ್ಟಿಗೆ ಕೋಟೆಮನೆಯ ಊಟದ ಮೇಜಿನ ಸುತ್ತ. ಬಿರುಗಾಳಿ ಬರಲಿ, ಭೂತ ಬರಲಿ, ಧಣಿಗಳು ಲೋಕವನ್ನೇ ಕೊಳ್ಳಲಿ, ಕೊನೆಗೆ ಯೋಸ್ಟ್ ಬಡಿಸುತ್ತಾನೆ, ಬೊಮ್ಮೆಲ್ ಉಣ್ಣುತ್ತಾನೆ. ಇದು ಹಿತವೆನಿಸುತ್ತದೆ, ನಿಜ. ಆದರೆ ಕಚ್ಚಲು ಬಾಯಿ ತೆರೆದ ವಿಡಂಬನೆ ಪ್ರತಿ ಸಲವೂ ಊಟ ಮಾಡಿ ಮಲಗಿಬಿಡುತ್ತದೆ. ಬಡಿಸುವವನು ಒಂದು ದಿನವಾದರೂ ಕೂತು ಉಂಡನೇ ಎಂದು ಕೇಳಿದೆ. ತಂಗಿಯ ಮಗ ನಕ್ಕ. ಹೆಂಗಸರ ಪಾಡು ಇನ್ನೂ ತೆಳು. ಪಕ್ಕದ ಮನೆಯ ಡೊಡ್ಡೆಲ್ ಬೊಮ್ಮೆಲ್ಲನನ್ನು ಮೆಚ್ಚುತ್ತ, ಅಡಿಗೆ ಮಾಡುತ್ತ ಎಷ್ಟೋ ವರ್ಷ ಕಾದಳು.

ಈಗ ನಾನು ಮೊದಲು ಹೇಳಹೊರಟ ಮಾತು. 1965ರಲ್ಲಿ ಟೋಂಡರ್ ಐರ್ಲೆಂಡಿಗೆ ಹೋಗಿ ನೆಲೆಸಿದರು. ಮುಂದಿನ ಇಪ್ಪತ್ತು ವರ್ಷ ಈ ಕಥೆಗಳು ಡಚ್ಚಿನ ಗಂಧವೂ ಇಲ್ಲದ ಊರಿನಿಂದ ಡಚ್ ಪತ್ರಿಕೆಗೆ ಬಂದವು. ಸ್ಟುಡಿಯೋದ ಅನೇಕ ಕಲಾವಿದರು ಬೇರೆಬೇರೆ ಕಾಲದಲ್ಲಿ ಕೈಗೂಡಿಸಿದ್ದುಂಟು, ಆದರೆ ಸರಣಿಯ ನುಡಿಗೆ ಒಡೆಯ ಅವರೇ. ಸುತ್ತ ಕೇಳದ ಭಾಷೆಯನ್ನು ದಿನವೂ ಮೂರು ಚಿತ್ರಗಳ ಕೆಳಗೆ ಬರೆಯುವುದೆಂದರೇನೆಂದು, ಚಾಳಿನಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡಿ ರಾತ್ರಿ ಊರಿಗೆ ಕಾಗದ ಬರೆದವರಿಗೆ ಗೊತ್ತು. ಪರಸ್ಥಳದಲ್ಲಿ ಭಾಷೆ ಸವೆಯುತ್ತದೆಂದು ನಾವು ಹೇಳಿಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ ಎನ್ನುವುದಕ್ಕೆ ಈ ಮನುಷ್ಯ ಸಾಕ್ಷಿ.

ಆದರೆ ಇನ್ನೊಂದು ಮುಖವೂ ಇದೆ. 1983ರಲ್ಲಿ ಬೊಮ್ಮೆಲ್ಲನ ಕಥೆಯೊಂದು ಚಲನಚಿತ್ರವಾಯಿತು. ಹಾಲೆಂಡಿನ ಮೊದಲ ಪೂರ್ಣಪ್ರಮಾಣದ ವ್ಯಂಗ್ಯಚಲನಚಿತ್ರ ಅದು. ಇಂಗ್ಲಿಷಿಗೂ ಬಂತು. ಸಿಟ್ಟು ಬಂದರೆ ಊದಿಕೊಳ್ಳುವ ಮರಿ ಡ್ರ್ಯಾಗನ್ ಯಾವ ಭಾಷೆಯಲ್ಲೂ ಊದಿಕೊಳ್ಳುತ್ತದೆ, ಮಕ್ಕಳು ನಗುತ್ತಾರೆ. ಊದಿಕೊಳ್ಳದೆ ಉಳಿದದ್ದು ಗದ್ಯ. ಬೊಮ್ಮೆಲ್ ತನ್ನ ನಾಡಿನಾಚೆಗೆ ಟಿನ್‌ಟಿನ್‌ನಂತೆ ಮನೆಮಾತಾಗಲಿಲ್ಲ; ಅವನ ಅರ್ಧ ಪ್ರಾಣ ಕೆಳಗಿನ ಸಾಲುಗಳಲ್ಲಿತ್ತು. ನಮ್ಮ ಮನೆಗಳಲ್ಲೂ ಇದೇ ಆಗುತ್ತಿದೆಯಲ್ಲವೆ? ಹಬ್ಬದ ಎಲೆ, ಯಕ್ಷಗಾನದ ಕಿರೀಟ, ಅಜ್ಜಿಯ ಫೋಟೋ, ಚಿತ್ರಗಳೆಲ್ಲ ಮಕ್ಕಳಿಗೆ ಗೊತ್ತು. ಕೆಳಗಿನ ಸಾಲು ಓದಲು ಬಾರದು. ತಂಗಿಯ ಮಗನ ಎಂಟು ವರ್ಷದ ಮಗಳು ಡಚ್ಚನ್ನು ಓದಬಲ್ಲಳು, ಕನ್ನಡವನ್ನಲ್ಲ. ನಾನು ಅವಳಿಗೆ ಪತ್ರ ಬರೆಯುವಂತಿಲ್ಲ.

ಕೊನೆಯ ಕಥೆಯ ಹೆಸರು ‘ಕೊನೆಯಿಲ್ಲದ್ದರ ಕೊನೆ’ ಎಂಬರ್ಥದ್ದು. ಅದರಲ್ಲಿ ಬೊಮ್ಮೆಲ್ ಕಡೆಗೂ ಡೊಡ್ಡೆಲ್‌ಳನ್ನು ಮದುವೆಯಾಗುತ್ತಾನೆ, ಬೆಕ್ಕು ತನ್ನ ದಾರಿ ಹಿಡಿದು ಹೊರಟುಹೋಗುತ್ತದೆ. ಟೋಂಡರ್ ತಾಯ್ನಾಡಿಗೆ ಮರಳಿ 2005ರಲ್ಲಿ ಲಾರೆನ್ ಎಂಬ ಊರಿನಲ್ಲಿ ತೀರಿಕೊಂಡರು. ನಾಲ್ಕನೆಯ ಸಂಜೆ ಪುಸ್ತಕ ಮುಚ್ಚುವಾಗ ಆ ಹುಡುಗಿ ನನ್ನ ತೊಡೆಗೆ ಒರಗಿ, ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ, “ಅಜ್ಜ, ಬೆಕ್ಕು ಎಲ್ಲಿ ಹೋಯ್ತು?” ಎಂದು ಕೇಳಿದಳು.