ಗಾಜಿನ ತೊಟ್ಟಿಯ ಬೇಟೆಮೀನು: ‘ಸಾಕಿ ಬೆಳೆಸಿದ್ದು’ ಎಂಬ ಸಮರ್ಥನೆಯ ಪರಿಶೀಲನೆ

ಬೆಂಗಳೂರಿನ ಪಶ್ಚಿಮ ಭಾಗದ ಅತ್ತಿಗುಪ್ಪೆ, ವಿಜಯನಗರ, ಚಂದ್ರಾ ಬಡಾವಣೆಗಳಲ್ಲಿ ಅನುಕೂಲವಂತರ ಹೊಸ ಮನೆಗಳ ಪಡಸಾಲೆಯನ್ನು ಪ್ರವೇಶಿಸುವವರಿಗೆ ಒಮ್ಮೊಮ್ಮೆ ಮೊದಲು ಕಾಣುವುದು ಜಿನಬಿಂಬದ ಚಿತ್ರಪಟವಲ್ಲ, ಉದ್ದನೆಯ ಗಾಜಿನ ತೊಟ್ಟಿ. ಅದರೊಳಗೆ ಕತ್ತಿಯಾಕಾರದ, ನಾಣ್ಯದಗಲದ ಹೊಳೆಯುವ ಹುರುಪೆಗಳ ಅರೋವಾನ ಮೀನೊಂದು ಏಕಾಂಗಿಯಾಗಿ ತಿರುಗುತ್ತಿರುತ್ತದೆ. ಚೀನೀಯರ ಫೆಂಗ್ ಷೂಯಿಯಿಂದ ಹೊರಟು ನಮ್ಮಲ್ಲಿ ವಾಸ್ತುವಿನ ಹೆಸರು ಹೊತ್ತ ನಂಬಿಕೆಯಂತೆ ಇದು ಸಂಪತ್ತನ್ನು ತರುವ ಮೀನು. ರಾತ್ರಿಭೋಜನವನ್ನೂ ಕಂದಮೂಲಗಳನ್ನೂ ವರ್ಜಿಸಿದ ಶ್ರಾವಕರ ಮನೆಗಳು ಕೂಡ ಈ ರೂಢಿಗೆ ಹೊರತಾಗಿಲ್ಲವೆಂಬುದೇ ಇಲ್ಲಿ ವಿಚಾರಾರ್ಹ.

ಪ್ರಶ್ನಿಸಿದರೆ ಸಿಗುವ ಸಮಾಧಾನ ಬಹುಮಟ್ಟಿಗೆ ಒಂದೇ ತೆರನಾದದ್ದು. ‘ಈ ಮೀನನ್ನು ಯಾರೂ ಹೊಳೆಯಿಂದ ಹಿಡಿದು ತಂದಿಲ್ಲ, ಸಾಕಣೆ ಕೇಂದ್ರದಲ್ಲಿಯೇ ಹುಟ್ಟಿದ್ದು. ಜೋಡಿ ಸಿಕ್ಕರೆ ಮನೆಯಲ್ಲಿಯೇ ಮರಿ ಮಾಡಿಸಬಹುದು. ಕೊಂದವರಿಲ್ಲ, ನೋಯಿಸಿದವರಿಲ್ಲ, ದೋಷವೆಲ್ಲಿಂದ ಬಂತು?’ ವಾದ ಕೇಳಲು ಅಚ್ಚುಕಟ್ಟಾಗಿದೆ. ಆದರೆ ವ್ಯಾಪಾರಸ್ಥನು ದಾಸ್ತಾನನ್ನು ಎಣಿಸದೆ ಖಾತೆಯನ್ನು ಒಪ್ಪುವುದಿಲ್ಲ. ಈ ಮೀನುಗಳು ಎಲ್ಲಿ, ಹೇಗೆ ಹುಟ್ಟುತ್ತವೆಂಬುದನ್ನು ವಿಚಾರಿಸದೆ ಈ ವಾದವನ್ನು ಒಪ್ಪುವುದೂ ಅಂಥದೇ.

ಎಲ್ಲ ಬೇಟೆಮೀನುಗಳೂ ತೊಟ್ಟಿಯಲ್ಲಿ ಸಂತಾನ ಬೆಳೆಸುವುದಿಲ್ಲವೆಂದರೆ ಅದು ಅಸತ್ಯವಾಗುತ್ತದೆ. ಆಸ್ಕರ್ ಎಂಬ ದಕ್ಷಿಣ ಅಮೆರಿಕದ ಮೀನು ಗಾಜಿನ ಮನೆಯಲ್ಲಿಯೇ ಜೋಡಿಯಾಗಿ, ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ಮರಿಗಳನ್ನು ಕಾಯುತ್ತದೆ. ತೊಡಕು ಬರುವುದು ಮೂರು ಅಡಿ, ಆರು ಅಡಿ ಬೆಳೆಯುವ ಮೀನುಗಳಲ್ಲಿ. ಏಷ್ಯಾದ ಅರೋವಾನ ಪ್ರೌಢವಾಗಲು ಮೂರು ನಾಲ್ಕು ವರ್ಷಗಳು ಬೇಕು. ಹೆಣ್ಣು ಗಂಡುಗಳನ್ನು ಹೊರಗಿನಿಂದ ನೋಡಿ ನಿಶ್ಚಯಿಸುವುದು ಅನುಭವಿಗಳಿಗೂ ಕಷ್ಟ. ಇಕ್ಕಟ್ಟಿನಲ್ಲಿ ಎರಡು ಮೀನುಗಳನ್ನು ಕೂಡಿಸಿದರೆ ಅವು ಜೋಡಿಯಾಗುವ ಬದಲು ಕಾದಾಡುತ್ತವೆ. ರೋಹು, ಕಾಟ್ಲಾ ಮೀನುಗಳು ಲಕ್ಷಗಟ್ಟಲೆ ಮೊಟ್ಟೆಗಳನ್ನು ಚೆಲ್ಲಿ ಹೋದರೆ ಅರೋವಾನ ಇಡುವುದು ಕೆಲವೇ ಹತ್ತುಗಳಷ್ಟು ದೊಡ್ಡ ಮೊಟ್ಟೆಗಳನ್ನು. ಅವನ್ನು ಗಂಡುಮೀನು ತನ್ನ ಬಾಯೊಳಗಿರಿಸಿಕೊಂಡು ಹೆಚ್ಚುಕಡಿಮೆ ಎರಡು ತಿಂಗಳು ಕಾಪಾಡುತ್ತದೆ. ಆ ಅವಧಿಯಲ್ಲಿ ಅದಕ್ಕೆ ಆಹಾರವಿಲ್ಲ. ಬೇಟೆಯೇ ವೃತ್ತಿಯಾದ ಜೀವಿಯೊಂದು ಸಂತಾನಕ್ಕಾಗಿ ಬಾಯಿಮುಚ್ಚಿ ಉಪವಾಸವಿರುವ ಈ ಸಂಗತಿ ಸೋಜಿಗದ್ದು.

ಇಂತಹ ಮೀನು ಮನೆಯ ತೊಟ್ಟಿಯಲ್ಲಿ ಮರಿ ಮಾಡುವುದು ಅತ್ಯಪರೂಪ. ಮಾರಾಟಕ್ಕೆ ಬರುವ ಮರಿಗಳು ಸಿಂಗಪುರ, ಮಲೇಷಿಯಾ, ಇಂಡೊನೇಷಿಯಾಗಳ ಮಣ್ಣಿನ ಕೊಳಗಳಲ್ಲಿ ಹುಟ್ಟಿದವು. ಅಲ್ಲಿ ಕೆಲಸಗಾರರು ಬಲೆಯೆಳೆದು, ಗಂಡುಮೀನನ್ನು ಹಿಡಿದು, ಅದರ ಬಾಯನ್ನು ತೆರೆಸಿ ಮರಿಗಳನ್ನು ಹೊರಸುರಿಸಿಕೊಳ್ಳುತ್ತಾರೆ. ಅದರ ಬಂಧುವಾದ ಅಮೆಜಾನ್ ನದಿಯ ಬೆಳ್ಳಿ ಅರೋವಾನದ ಗತಿ ಇನ್ನೂ ಕಠೋರ. ಪೆರು, ಕೊಲಂಬಿಯಾಗಳ ಕಡೆ ಕಾಡಿನ ನೀರಿನಲ್ಲಿ ಮರಿಗಳನ್ನು ಸಂಗ್ರಹಿಸುವವರು ಬಾಯಲ್ಲಿ ಮರಿಗಳಿರುವ ಗಂಡುಮೀನನ್ನು ಕೊಂದು ಅವನ್ನು ತೆಗೆದುಕೊಳ್ಳುವುದು ದಾಖಲಾದ ಸಂಗತಿ. ತಂದೆಯ ಹೆಣದ ಬಾಯಿಂದ ಬಂದ ಮರಿ ಇದೋ, ಕೊಳದಲ್ಲಿ ಹುಟ್ಟಿದ ಮರಿ ಅದೋ ಎಂಬುದನ್ನು ಅಂಗಡಿಯ ಪಾಲಿಥೀನ್ ಚೀಲದಲ್ಲಿ ನೋಡಿ ಹೇಳಬಲ್ಲ ಗ್ರಾಹಕರು ಎಷ್ಟು ಮಂದಿ?

ಅಲಿಗೇಟರ್ ಗಾರ್ ಎಂಬ ಮೊಸಳೆಮೂತಿಯ ಮೀನು ಮೊಟ್ಟೆಯಿಡುವುದು ನದಿ ಉಕ್ಕಿ ದಡದ ಹುಲ್ಲುಗಾವಲನ್ನು ಮುಳುಗಿಸಿದಾಗ. ಅರಪೈಮಾ ಎರಡು ಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಪ್ರವಾಹ, ಮೊದಲ ಮಳೆಯ ತಂಪು, ನೀರಿನ ಏರಿಳಿತ, ಇವೇ ದೊಡ್ಡ ಮೀನುಗಳ ಮುಹೂರ್ತಗಳು. ಪಡಸಾಲೆಯ ತೊಟ್ಟಿಯಲ್ಲಿ ವರ್ಷವಿಡೀ ಒಂದೇ ಋತು.

ಮುಹೂರ್ತ ಕೂಡಿಬಾರದಿದ್ದಾಗ ಮನುಷ್ಯನು ಚುಚ್ಚುಮದ್ದಿನಿಂದ ಅದನ್ನು ಕೂಡಿಸುತ್ತಾನೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಗೆಂಡೆ ಜಾತಿಯ ಮೀನುಗಳಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸಿದ್ದು ದೇಶದ ಮೀನುಗಾರಿಕೆಯ ದಿಕ್ಕನ್ನೇ ಬದಲಿಸಿತು. ಆ ದಿನವನ್ನು ಇಂದಿಗೂ ಮತ್ಸ್ಯಕೃಷಿಕರ ದಿನವೆಂದು ಆಚರಿಸುತ್ತಾರೆ. ವಿಜ್ಞಾನವಾಗಿ ಅದು ದೊಡ್ಡ ಸಾಧನೆ. ಆದರೆ ಆ ಗ್ರಂಥಿ ದೊರೆಯುವುದು ಸತ್ತ ಇನ್ನೊಂದು ಮೀನಿನ ತಲೆಯಿಂದ. ಈಗ ಕೃತಕ ಹಾರ್ಮೋನುಗಳು ಬಂದಿವೆ, ನಿಜ. ಆದರೂ ಕ್ಯಾಟ್‌ಫಿಶ್ ವರ್ಗದ ಹಲವು ಮೀನುಗಳಲ್ಲಿ ಗಂಡಿನ ಬೀಜವನ್ನು ಹಿಂಡಿ ಪಡೆಯಲಾಗದ ಕಾರಣ ಅದರ ಹೊಟ್ಟೆಯನ್ನು ಸೀಳಿ ವೃಷಣವನ್ನು ತೆಗೆಯುವ ಪದ್ಧತಿ ಉಳಿದಿದೆ. ಹೀಗಾಗಿ ‘ಸಾಕಿ ಬೆಳೆಸಿದ್ದು’ ಎಂಬ ಮಾತು ‘ಹಿಂಸೆಯಿಲ್ಲದೆ ಬೆಳೆಸಿದ್ದು’ ಎಂಬ ಅರ್ಥವನ್ನು ಕೊಡುವುದಿಲ್ಲ. ಖರ್ಚಿನ ಕಲಮು ಬೇರೆಯವರ ಪುಸ್ತಕದಲ್ಲಿದೆ, ಅಷ್ಟೆ.

ತಳಿವೃದ್ಧಿ ಯಶಸ್ವಿಯಾದ ಕಡೆಯಲ್ಲಾದರೂ ಫಲ ನಿರ್ದೋಷವೇ? ಕಾವೇರಿಯ ಮಹಸೀರ್ ಮೀನಿನ ವೃತ್ತಾಂತ ಇದಕ್ಕೆ ಉತ್ತರ ಹೇಳುತ್ತದೆ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯು 1970ರ ದಶಕದಿಂದ ಮಹಸೀರ್ ಮರಿಗಳನ್ನು ಯಶಸ್ವಿಯಾಗಿ ಬೆಳೆಸಿತು. ಅಳಿಯುತ್ತಿದ್ದ ಮೀನನ್ನು ಉಳಿಸುವ ಸದುದ್ದೇಶ ಅದರ ಹಿಂದಿತ್ತು. ಅಲ್ಲಿ ಬೆಳೆದ ನೀಲಿರೆಕ್ಕೆಯ ಮಹಸೀರ್ ಕಾವೇರಿಗೂ ಬಂತು, ಹೆಚ್ಚಿತು. ಕಾವೇರಿಗೇ ವಿಶಿಷ್ಟವಾದ, ಬೆನ್ನುಗೂನಿನ ಬೃಹತ್ ಮಹಸೀರ್ ಮಾತ್ರ ಕುಗ್ಗುತ್ತ ಹೋಯಿತು. 2018ರಲ್ಲಿ ವಿಜ್ಞಾನಿಗಳು ಆ ಮೀನಿಗೆ ಟಾರ್ ರೆಮಾದೇವಿ ಎಂಬ ಹೆಸರನ್ನು ನಿಶ್ಚಯಿಸುವ ಹೊತ್ತಿಗೆ ಅದು ವಿನಾಶದ ಅಂಚಿನ ಜೀವಿಗಳ ಪಟ್ಟಿಗೆ ಸೇರಬೇಕಾಯಿತು. ಹೊರಗಿನ ಮಹಸೀರನ್ನು ತಂದು ಬಿಟ್ಟದ್ದು ಇದರ ಕಾರಣಗಳಲ್ಲೊಂದೆಂಬುದು ಅವರ ಅಭಿಪ್ರಾಯ. ಇದೇ ಮಹಸೀರ್ ಕುಲವನ್ನು ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವಸ್ಥಾನಗಳು ಕಾಪಾಡಿಕೊಂಡು ಬಂದಿರುವ ಕ್ರಮವೇ ಬೇರೆ. ಅಲ್ಲಿ ಗಾಜಿಲ್ಲ, ಚುಚ್ಚುಮದ್ದಿಲ್ಲ. ಹಿಡಿಯಬಾರದೆಂಬ ಕಟ್ಟಳೆಯೊಂದೇ ಸಾಕಾಯಿತು. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದಾಗ ಊರಿನವರು ಅವುಗಳಿಗೊಂದು ಸ್ಮಾರಕವನ್ನೇ ಕಟ್ಟಿಸಿದರು. ಆ ಊರಿನವರಲ್ಲಿ ಅಹಿಂಸಾಣುವ್ರತ ಸ್ವೀಕರಿಸಿದವರು ಎಷ್ಟು ಮಂದಿಯೋ! ವ್ರತಧಾರಿಗಳು ನಾಚುವಂತಹ ನಡೆ ಅವರದು.

ಇನ್ನು ಆಹಾರದ ವಿಷಯ. ವಾದದ ಕೊಂಡಿ ಪೂರ್ಣವಾಗಿ ಕಳಚುವುದು ಇಲ್ಲಿಯೇ. ಬೇಟೆಮೀನಿಗೆ ಚಿಕ್ಕ ಗೋಲ್ಡ್‌ಫಿಶ್, ಗಪ್ಪಿ, ಜಿರಲೆ, ಮಿಡತೆಗಳನ್ನು ಜೀವಂತವಾಗಿ ಹಾಕುವುದು ರೂಢಿ. ಗುಳಿಗೆಯಾಕಾರದ ಒಣ ಆಹಾರಕ್ಕೆ ಕೆಲವನ್ನು ಒಗ್ಗಿಸಬಹುದಾದರೂ ಆ ಗುಳಿಗೆಯ ಮುಖ್ಯ ದ್ರವ್ಯ ಮೀನಿನ ಪುಡಿಯೇ. ‘ತಿನ್ನುವುದು ಅದರ ಸ್ವಭಾವ, ನಮಗೇನು?’ ಎನ್ನುವವರುಂಟು. ಹೊಳೆಯಲ್ಲಿ ಅದು ತಿಂದರೆ ಅದು ಅದರ ಕರ್ಮ. ಅಂಗಡಿಯಿಂದ ತೂಗಿಸಿ ತಂದು ತೊಟ್ಟಿಗೆ ಸುರಿಯುವ ಕೈ ಯಾರದು? ಕೃತ, ಕಾರಿತ, ಅನುಮೋದಿತಗಳೆಂಬ ಮೂರರಲ್ಲಿ ಇಲ್ಲಿ ಎರಡಂತೂ ಸ್ಪಷ್ಟ. ಆ ದೃಶ್ಯವನ್ನು ಮಕ್ಕಳನ್ನು ಕೂರಿಸಿಕೊಂಡು ಆನಂದಿಸಿದರೆ ಶಾಸ್ತ್ರಕಾರರು ಹಿಂಸಾನಂದವೆಂದು ಕರೆದ ರೌದ್ರಧ್ಯಾನಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ.

ಪ್ರಾಚೀನರು ಈ ಪ್ರಸಂಗವನ್ನು ಕಾಣದವರಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದಾದ ಬಂಧವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತ, ಜೀವಿಯು ತನಗೆ ಇಷ್ಟವಾದ ಕಡೆಗೆ ಹೋಗದಂತೆ ತಡೆಯುವುದೆಂದು ತಿಳಿಸುತ್ತಾರೆ. ಐದಡಿಯ ತೊಟ್ಟಿಯಲ್ಲಿ ಮೂರಡಿಯ ಮೀನು ತಿರುಗಲೂ ಬಾಗಬೇಕು. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳ ಪಾಲನೆಯನ್ನು ಅನರ್ಥದಂಡದಲ್ಲಿ ಎಣಿಸಿದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರರ ಯೋಗಶಾಸ್ತ್ರವೂ ದಿಗಂಬರ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಶ್ರಾವಕನು ಬಿಡಬೇಕಾದ ಕ್ರೂರ ವೃತ್ತಿಗಳ ಸಾಲಿನಲ್ಲಿ ‘ಅಸತೀಪೋಷ’ವನ್ನು ಹೇಳುತ್ತವೆ, ಲಾಭಕ್ಕಾಗಿ ಹಿಂಸ್ರಜೀವಿಗಳನ್ನು ಸಾಕುವುದು ಅದರಲ್ಲಿ ಸೇರಿದೆ. ಪಂಥಭೇದವಿಲ್ಲದೆ ಇಷ್ಟು ಮಂದಿ ಒಪ್ಪಿದ ವಿಷಯದಲ್ಲಿ ವಾಸ್ತುವಿನ ಪುಸ್ತಕಕ್ಕೆ ಹೆಚ್ಚು ಮಾನ್ಯತೆ ದೊರೆತಿರುವುದು ವಿಷಾದನೀಯ. ಕುಂದಕುಂದರ ಭಾವಪಾಹುಡವು ನೆನೆಯುವ ಅಕ್ಕಿಕಾಳಿನಷ್ಟರ ಮೀನು ಒಂದು ಜೀವವನ್ನೂ ತಿನ್ನಲಿಲ್ಲ. ಮಹಾಮತ್ಸ್ಯದ ಬಾಯಿಂದ ತಪ್ಪಿಸಿಕೊಂಡು ಹೋಗುವ ಮೀನುಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ನೆನೆದುದಕ್ಕೇ ನರಕಕ್ಕೆ ಹೋಯಿತು. ಜನ್ನನ ಯಶೋಧರನು ಬಲಿಯಿತ್ತದ್ದಾದರೂ ಹಿಟ್ಟಿನ ಕೋಳಿಯನ್ನು. ತೊಟ್ಟಿಗೆ ಬೀಳುವ ಗೋಲ್ಡ್‌ಫಿಶ್ ಹಿಟ್ಟಿನದಲ್ಲ.

ಇದನ್ನೆಲ್ಲ ಒಪ್ಪಿದ ಮನೆಯವರು ಮರುದಿನವೇ ಮೀನನ್ನು ಕೆರೆಗೆ ಬಿಟ್ಟು ಅಭಯದಾನವೆಂದು ಭಾವಿಸುವ ಅಪಾಯವುಂಟು. ಇದು ಮೊದಲಿನದಕ್ಕಿಂತ ದೊಡ್ಡ ಅನರ್ಥ. 2018ರ ಪ್ರವಾಹದ ಬಳಿಕ ಕೇರಳದ ಚಾಲಕ್ಕುಡಿ ಹೊಳೆಯಲ್ಲಿ ಅರಪೈಮಾ, ಅಲಿಗೇಟರ್ ಗಾರ್‌ಗಳು ಬಲೆಗೆ ಬಿದ್ದವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಗಾರ್ ಮೀನು ಸಿಕ್ಕಿತು. ಒಂದು ಜೀವಕ್ಕೆ ಕೊಟ್ಟ ಅಭಯ ಕೆರೆಯ ಸಾವಿರ ಜೀವಗಳಿಗೆ ಭಯವಾಗುತ್ತದೆ. ಮೈಸೂರು ರಸ್ತೆಯ ಪಕ್ಕದ ವೃಷಭಾವತಿಗೆ ಬಿಟ್ಟರೆ ಆ ಕೊಳಕಿನಲ್ಲಿ ಮೀನೇ ಉಳಿಯದು.

ಕಾನೂನಿನ ಕಡೆಯಿಂದ ಹೆಚ್ಚು ಹೇಳಬೇಕಾಗಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ 158 ಜಾತಿಯ ಅಲಂಕಾರಿಕ ಮೀನುಗಳ ಪ್ರದರ್ಶನ, ಮಾರಾಟಗಳನ್ನು ನಿರ್ಬಂಧಿಸಿ ಹೊರಡಿಸಿದ ನಿಯಮಗಳು ಬಹುಕಾಲ ನಿಲ್ಲಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಮತ್ತು 2024ರ ನಿಯಮಗಳ ಮೇರೆಗೆ ಏಷ್ಯಾದ ಅರೋವಾನವನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕು. ಮರಿ ಮಾಡಿಸಲು ಪರವಾನಗಿ ಬೇಕು. ಬಸದಿಗಳ ಸಭಾಭವನಕ್ಕೆ ಶೋಭೆಗಾಗಿ ತೊಟ್ಟಿಯನ್ನು ದಾನ ಕೊಡಲು ಮುಂದೆ ಬರುವ ಶ್ರೀಮಂತರಿದ್ದಾರೆ. ಟ್ರಸ್ಟಿನವರು ರಸೀದಿ ಹರಿಯುವ ಮೊದಲು ಈ ನೋಂದಣಿಯ ಪ್ರಶ್ನೆಯನ್ನಾದರೂ ಕೇಳಬಹುದು, ಬೇರೆ ಪ್ರಶ್ನೆಗಳು ಸಂಕೋಚವೆನಿಸಿದರೆ.

ಈಗಾಗಲೇ ಮನೆಯಲ್ಲಿರುವ ಮೀನಿನ ಹೊಣೆ ಮಾತ್ರ ಕಳಚಿಕೊಳ್ಳಲಾಗದ್ದು. ಅರೋವಾನ ಹತ್ತಾರು ವರ್ಷ ಬದುಕಬಲ್ಲದು. ಅನ್ನಪಾನನಿರೋಧವೂ ಅತಿಚಾರವೇ ಆದ್ದರಿಂದ ಅದನ್ನು ಉಪವಾಸ ಕೆಡವುವಂತಿಲ್ಲ. ಒಣ ಆಹಾರಕ್ಕೆ ಒಗ್ಗಿಸಿ, ಸಾಧ್ಯವಾದಷ್ಟು ವಿಶಾಲವಾದ ತೊಟ್ಟಿಯಲ್ಲಿರಿಸಿ, ಜೋಡಿಯನ್ನು ತರದೆ, ಅದರ ಆಯುಷ್ಯ ಮುಗಿಯುವವರೆಗೆ ನೋಡಿಕೊಳ್ಳಬೇಕಾಗುತ್ತದೆ. ಆಮೇಲೆ ತೊಟ್ಟಿಯನ್ನು ಒಣಗಿಸಿ ಪುಸ್ತಕಗಳನ್ನಿಡಲು ಬಳಸಿಕೊಳ್ಳಲು ಅಡ್ಡಿಯಿಲ್ಲ.